ಬಲ್ಬು ಆರಿಸಿ, ನೀರು ಬದಲಿಸಿ

ಮಿನ್ನೆಸೋಟದ ನಮ್ಮ ಬಡಾವಣೆಯಲ್ಲಿ ಚಳಿ ಶುರುವಾದರೆ ಕೋಳಿಗೂಡುಗಳಲ್ಲಿ ಕೆಂಪು ಬೆಳಕು ಕಾಣತೊಡಗುತ್ತದೆ. 250 ವ್ಯಾಟಿನ ಬಲ್ಬು. ಅದು ಉರಿಯುತ್ತಿದ್ದರೆ ಕೋಳಿಯೂ ಬೆಚ್ಚಗಿರುತ್ತದೆ, ಕುಡಿಯುವ ನೀರೂ ಗಡ್ಡೆ ಕಟ್ಟುವುದಿಲ್ಲ ಎಂಬ ನಂಬಿಕೆ. ಆ ಬಲ್ಬನ್ನು ಕಂಡರೆ ನನಗಾಗದು. ಕೆಳಗೆ ಒಣಹುಲ್ಲು, ಗಾಳಿಯಲ್ಲೆಲ್ಲ ಪುಕ್ಕದ ದೂಳು, ಮೇಲೆ ಒಂದು ಕೊಕ್ಕೆಗೆ ನೇತುಬಿದ್ದ ಬೆಂಕಿ. ಗೂಡು ಸುಟ್ಟುಹೋಗಲು ಇನ್ನೇನು ಬೇಕು?

ಕೋಳಿಗೆ ಬೇಕಾದದ್ದು ನೀರು. ಅದರ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪುಕ್ಕದ ಕೆಳಗೆ ಆ ಬಿಸಿಯನ್ನು ಕಾಯ್ದುಕೊಳ್ಳುವುದು ತಿಂದ ಕಾಳು. ಹೊಟ್ಟೆಯೇ ಅದರ ಒಲೆ. ನೀರು ಸಿಗದಿದ್ದರೆ ಕೋಳಿ ಕಾಳು ಮುಟ್ಟುವುದು ಕಡಿಮೆ ಮಾಡುತ್ತದೆ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಆದ್ದರಿಂದ ಮೊಟ್ಟೆ ಇಡುವುದೂ ಬೇಗ ನಿಲ್ಲುತ್ತದೆ. ಹಿಮ ಕುಕ್ಕಿ ತಿನ್ನುತ್ತದಲ್ಲ ಎನ್ನುವವರಿದ್ದಾರೆ. ಆ ಹಿಮವನ್ನು ಕರಗಿಸಲೂ ಅದರ ಮೈಬಿಸಿಯೇ ಖರ್ಚಾಗಬೇಕು.

ಹೇಂಟೆಯೊಂದು ದಿನಕ್ಕೆ ಕಾಲು ಲೀಟರಿನಷ್ಟು ಕುಡಿಯುತ್ತದೆ, ಅದೂ ಬೆಳಕಿದ್ದಾಗ. ಡಿಸೆಂಬರಿನಲ್ಲಿ ಇಲ್ಲಿ ಹಗಲು 9 ಗಂಟೆಯೂ ಇರುವುದಿಲ್ಲ. ಕತ್ತಲಾದ ಮೇಲೆ ಕೋಲಿನ ಮೇಲೆ ಕೂತು ನಿದ್ದೆ ಹೋದ ಕೋಳಿ ನೀರು ಕೇಳುವುದಿಲ್ಲ. ಹಾಗಿದ್ದರೆ ರಾತ್ರಿಯಿಡೀ ಗೂಡು ಕಾಯಿಸುವುದು ಯಾರ ಸಮಾಧಾನಕ್ಕೆ?

ನನ್ನ ಬಳಿ ಕಪ್ಪು ರಬ್ಬರಿನ ಎರಡು ಬೋಗುಣಿಗಳಿವೆ. ಬೆಳಿಗ್ಗೆ ಉಗುರುಬೆಚ್ಚನೆಯ ನೀರು ತುಂಬಿ ಒಂದನ್ನು ಗೂಡಿನ ಹೊರಗೆ, ಗಾಳಿ ತಾಗದ ಮೂಲೆಯಲ್ಲಿ ಇಡುತ್ತೇನೆ. ಅದರ ನೀರು ಗಡ್ಡೆ ಕಟ್ಟಿದಾಗ ಇನ್ನೊಂದನ್ನು ತರುತ್ತೇನೆ. ರಬ್ಬರು ಬಾಗುತ್ತದೆ, ತಲೆಕೆಳಗು ಮಾಡಿ ಕಾಲಲ್ಲಿ ಒತ್ತಿದರೆ ಗಡ್ಡೆ ಇಡಿಯಾಗಿ ಬೀಳುತ್ತದೆ. ಪ್ಲಾಸ್ಟಿಕ್ಕಿನದಾದರೆ ಸೀಳುತ್ತದೆ. ಮೈನಸ್ 25ರ ದಿನಗಳಲ್ಲಿ ಇದೂ ಸಾಲದು. ಆಗ ತಳದಲ್ಲಿ ಕಾಯಿಲ್ ಇರುವ, ನಾಯಿಗೆಂದು ಮಾರುವ ಬೋಗುಣಿ ಇಡಿ. ನೀರು ಹೆಪ್ಪುಗಟ್ಟುವ ಹೊತ್ತಿಗಷ್ಟೇ ಅದು ಕಾಯತೊಡಗುತ್ತದೆ. ಬಲ್ಬು ನುಂಗುವ ಕರೆಂಟಿನ ಕಾಲು ಭಾಗವೂ ಅದಕ್ಕೆ ಬೇಡ.

ನೀರಿನ ಪಾತ್ರೆಯನ್ನು ರಾತ್ರಿ ಗೂಡಿನೊಳಗೆ ಮಾತ್ರ ಬಿಡಬೇಡಿ. ಕೋಳಿಯ ಜುಟ್ಟು ಕಪ್ಪಾಗಿ ಸಾಯುವುದು ಬರೀ ಚಳಿಗಲ್ಲ, ಒದ್ದೆ ಗಾಳಿ ಸೇರಿದ ಚಳಿಗೆ. ಕಿಟಕಿ ಸಂದುಗಳನ್ನೆಲ್ಲ ಮುಚ್ಚಿ, ಒಳಗೆ ನೀರಿಟ್ಟು, ಬಲ್ಬು ಹಚ್ಚುವವರು ಆವಿಯನ್ನು ತಾವೇ ತಯಾರಿಸುತ್ತಿರುತ್ತಾರೆ. ಇನ್ನು ನೀರಿಗೆ ಉಪ್ಪು ಹಾಕಿದರೆ ಗಟ್ಟಿಯಾಗದು ಎಂಬ ಸಲಹೆ. ಗಟ್ಟಿಯಾಗದಷ್ಟು ಉಪ್ಪು ಕೋಳಿಯನ್ನೇ ತೆಗೆಯುತ್ತದೆ.

ಬಲ್ಬು ಹಚ್ಚುವ ಈ ಚಾಳಿ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ವಸಂತದಲ್ಲಿ ಮರಿಗಳನ್ನು ಮಾರುವ ಅಂಗಡಿಯಲ್ಲೇ ಈ ಬಲ್ಬೂ ಸಿಗುತ್ತದೆ. ಪುಕ್ಕ ಬಾರದ ಮರಿಗೆ ಶಾಖ ಬೇಕು ನಿಜ. ಕನ್ನಡನಾಡಿನ ನಮ್ಮೂರ ಫಾರಂಗಳಲ್ಲೂ ಮರಿಗಳಿಗೆ ಬಲ್ಬು ಕಟ್ಟುತ್ತಾರೆ. ಮರಿ ದೊಡ್ಡದಾದ ಮೇಲೂ ಬಲ್ಬು ಮನೆಯಲ್ಲೇ ಉಳಿಯುತ್ತದೆ, ಜನವರಿಯಲ್ಲಿ ಕೈಗೆ ಸಿಗುತ್ತದೆ. 2025ರ ಮಾರ್ಚಿನಲ್ಲಿ ಡಜನ್ ಮೊಟ್ಟೆಗೆ ಅಮೆರಿಕದ ಸರಾಸರಿ ಬೆಲೆ 6 ಡಾಲರ್ ದಾಟಿದಾಗಿನಿಂದ ನನ್ನ ಪರಿಚಯದ ಕನ್ನಡದವರೂ ಹಿತ್ತಲಲ್ಲಿ ಕೋಳಿ ಸಾಕೋಣವೇ ಎನ್ನುತ್ತಿದ್ದಾರೆ. ಅವರಿಗೆ ನಾನು ಕೇಳುವುದು ಒಂದೇ: ಜನವರಿಯ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಬೋಗುಣಿ ಬದಲಿಸುವವರು ಯಾರು?