ದೊಡ್ಡ ಬೋರಿನ ದೊಡ್ಡಸ್ತಿಕೆ

ಸ್ವಾರಗೇಟ ಎಸ್‌ಟಿ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ರವಿವಾರ ನಾವು ನಾಲ್ಕೈದು ಕನ್ನಡದ ಮಂದಿ ಸೇರುತ್ತೇವೆ. ಮೊನ್ನೆ ಅಲ್ಲಿ ಮಾತು ಬಂದಿದ್ದು ರಿವಾಲ್ವರಿನದು. ವಿಜಯಪುರ ಕಡೆಯ ಗೆಳೆಯರೊಬ್ಬರು ಕಾಂಟ್ರ್ಯಾಕ್ಟರು. ಶನಿವಾರ ಕೂಲಿಯವರ ಪಗಾರದ ರೊಕ್ಕ ಚೀಲದಲ್ಲಿ ಒಯ್ಯಬೇಕು, ಅದಕ್ಕೆ ಲೈಸೆನ್ಸಿಗೆ ಅರ್ಜಿ ಹಾಕುವವರಿದ್ದಾರೆ.

"ತಗೊಂಡ್ರ ನಲವತ್ನಾಕರ ಮ್ಯಾಗ್ನಮ್ಮs ತಗೋಬೇಕ್ರಿ ಸಾಹೇಬ್ರ. ಬತ್ತೀಸ ಅಂದ್ರ ಹುಡುಗರ ಆಟದ ಸಾಮಾನು!"

ಉಳಿದವರೂ ಹೌದೆಂದು ತಲೆ ಆಡಿಸಿದರು. 1971ರ 'ಡರ್ಟಿ ಹ್ಯಾರಿ'ಯಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದ ರಿವಾಲ್ವರ್ ಎಲ್ಲರ ತಲೆಯಲ್ಲೂ ಕೂತಿದೆ ನೋಡಿ. ಆದರೆ ಸಿನಿಮಾ ಯಾರ ಮಣಿಕಟ್ಟಿಗೂ ಪೆಟ್ಟು ಕೊಡುವುದಿಲ್ಲ!

ನಾನು ಸೈನಿಕನಲ್ಲ, ಬರೇ ಬಿಕಾಂ. ಆದರೂ ಲೆಕ್ಕ ಬರುತ್ತದೆ. ಡಬಲ್ ಎಂಟ್ರಿಯಂತೆ, ಮುಂದೆ ಹೋದದ್ದು ಅಷ್ಟೇ ನಿಮ್ಮ ಅಂಗೈ ಖಾತೆಗೂ ಬೀಳುತ್ತದೆ. .32ರ ಗುಂಡು ಸುಮಾರು 98 ಗ್ರೇನ್, ವೇಗ ಸೆಕೆಂಡಿಗೆ ಸುಮಾರು 700 ಅಡಿ. .44 ಮ್ಯಾಗ್ನಮ್ಮಿನದು 240 ಗ್ರೇನ್, ವೇಗ ಸುಮಾರು 1,350 ಅಡಿ. ಗುಣಿಸಿ ನೋಡಿ, ಹೆಚ್ಚುಕಡಿಮೆ ಐದು ಪಟ್ಟು. ಮದ್ದಿನ ಹೊಗೆಯ ಒದೆತ ಬೇರೆ. ಮೇಲಾಗಿ ರಿವಾಲ್ವರ್ ಹಗುರಾದಷ್ಟೂ ಒದೆತ ಜೋರು. 2014ರಲ್ಲಿ ಕಾನ್ಪುರದಲ್ಲಿ ಹೆಂಗಸರಿಗೆಂದು ಮಾಡಿದ 'ನಿರ್ಭೀಕ್' ಬರೀ 500 ಗ್ರಾಂ. ಅದು .32 ಆದ್ದರಿಂದ ನಡೆಯುತ್ತದೆ. ಜೇಬಿಗೆ ಹಗುರವೂ ಇರಬೇಕು, ಬೋರೂ ದೊಡ್ಡದಿರಬೇಕು ಅಂದರೆ ಹೇಗೆ?

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಟೆಕ್ಸಾಸಿನಲ್ಲಿರುವ ಅಣ್ಣನ ಮಗ ಒಮ್ಮೆ ಗುಂಡು ಹೊಡೆಯುವ ರೇಂಜಿಗೆ ಕರೆದುಕೊಂಡು ಹೋಗಿದ್ದ. .44 ಮ್ಯಾಗ್ನಮ್ಮಿನ ಮೊದಲ ಗುಂಡಿಗೇ ನಳಿಗೆ ಛಾವಣಿ ನೋಡಿತು. ಎರಡನೆಯದಕ್ಕೆ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿದೆ, ಗುಂಡು ಗುರಿಯ ಕಾಗದದ ಕೆಳಗೆ ಎಲ್ಲೋ ಹೋಯಿತು. ಆಗ ಅಲ್ಲಿಯ ಉಸ್ತಾದ ನಕ್ಕು ಅದೇ ರಿವಾಲ್ವರಿಗೆ .44 ಸ್ಪೆಷಲ್ ಕಾಡತೂಸು ಹಾಕಿಕೊಟ್ಟ. ಗುಂಡಿನ ತೂಕ ಹೆಚ್ಚುಕಡಿಮೆ ಅಷ್ಟೇ, ವೇಗ ಮಾತ್ರ ಸುಮಾರು 750 ಅಡಿ. ಆರಕ್ಕೆ ಐದು ಕಾಗದದಲ್ಲಿ! ಸ್ಪೆಷಲ್ಲಿನ ಕವಚ ಗಿಡ್ಡ, ಅದಕ್ಕೇ ಮ್ಯಾಗ್ನಮ್ಮಿನಲ್ಲಿ ಕೂರುತ್ತದೆ. ಮ್ಯಾಗ್ನಮ್ ಕಾಡತೂಸು ಉದ್ದ, ಅದನ್ನು ಸ್ಪೆಷಲ್ ರಿವಾಲ್ವರಿಗೆ ಹಾಕಬಾರದು. ಅಂದರೆ ಬೋರು ಒಂದೇ ಇದ್ದರೂ ಕಾಡತೂಸು ಬದಲಾದರೆ ಆಯುಧವೇ ಬದಲಾದಂತೆ. ನಮ್ಮವರು ಇದನ್ನು ಕೇಳುವುದೇ ಇಲ್ಲ. ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇರುವ ಊರಿನಲ್ಲಿ ಕೂತು ನಮಗೆ ಕಾಡತೂಸಿನ ಗೊಡವೆಯೇ ಬೇಡ, ಬೋರಿನ ಜಂಬ ಸಾಕು.

ನಿಜವಾದ ತೊಂದರೆ ಇನ್ನೊಂದಿದೆ. ನಮ್ಮಲ್ಲಿ ಲೈಸೆನ್ಸಿನಲ್ಲಿ ಬರೆದಷ್ಟೇ ಕಾಡತೂಸು ಸಿಗುತ್ತದೆ. ಅಭ್ಯಾಸ ಎಲ್ಲಿ ಮಾಡುತ್ತೀರಿ? ನಾನು ಹಿಂದೆ ಇದ್ದ ಒಂದು ಬ್ರ್ಯಾಂಚಿನಲ್ಲಿ ಗಾರ್ಡ್ ಹನ್ನೆರಡು ಬೋರಿನ ಜೋಡುನಳಿಗೆ ಹಿಡಿದು ನಿಲ್ಲುತ್ತಿದ್ದ. ಕಾಡತೂಸಿನ ಹಿತ್ತಾಳೆ ಕಪ್ಪಾಗಿತ್ತು. "ಕೊನೆಗೆ ಯಾವಾಗ ಹೊಡೆದಿದ್ದೆಪ್ಪಾ?" ಅಂದೆ. "ಮಿಲಿಟರಿ ಬಿಟ್ಟ ಮ್ಯಾಲ ಇಲ್ರಿ ಸಾಹೇಬ್ರ." ಹನ್ನೊಂದು ವರ್ಷವಾಗಿತ್ತು! ಮೇಲಿನವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕಲಿತ ಕೈಯೇ ಹೀಗೆ ತುಕ್ಕು ಹಿಡಿಯುವಾಗ ಕಲಿಯದ ಕೈಗೆ ಮ್ಯಾಗ್ನಮ್ ಬೇಕಂತೆ.

ಕಣ್ಣು ಮುಚ್ಚಿ ಹೊಡೆದ ಗುಂಡು ಎಲ್ಲಿಗೆ ಹೋಗುತ್ತದೆ? ಸ್ವಾರಗೇಟ ಚೌಕದ ಗದ್ದಲ ಒಮ್ಮೆ ನೆನೆಸಿಕೊಳ್ಳಿ. ಕಳ್ಳನಿಗೆ ತಪ್ಪಿದರೂ ಯಾರಿಗೋ ತಪ್ಪದು. ಗುರಿಗೆ ಬಿದ್ದ ಬತ್ತೀಸ, ಗುರಿ ತಪ್ಪಿದ ನಲವತ್ನಾಕಕ್ಕಿಂತ ದೊಡ್ಡದು. ಎರಡನ್ನೂ ಕಲಿಯುವ ವ್ಯವಧಾನ ಇಲ್ಲದವನಿಗೆ ಯಾವುದೂ ಬೇಡ.

"ನೀವು ಬ್ಯಾಂಕಿನವ್ರು, ಅಂಜಬುರಕ್ರು" ಅಂದರು ಗೆಳೆಯರು. ಇರಬಹುದು. "ಹಂಗಾರ ಸೋಮವಾರ ಬ್ರ್ಯಾಂಚಿಗೆ ಬರ್ರಿ" ಅಂದೆ. "ಕೂಲಿಯವ್ರಿಗೆಲ್ಲಾ ಖಾತೆ ತೆಗಿಸಿಕೊಡ್ತೀನಿ. ಚೀಲದಾಗ ರೊಕ್ಕಾನs ಇಲ್ಲಂದ್ರ ರಿವಾಲ್ವರ್ ಯಾಕ್ರಿ?"

ಅವರು ಇನ್ನೂ ಬಂದಿಲ್ಲ. ಅರ್ಜಿ ಮಾತ್ರ ಬರೆಸುತ್ತಿದ್ದಾರಂತೆ.