ಬೂಂದಿ ಸೌಟಿನಲ್ಲಿ ಸೂರ್ಯ



2027ರ ಆಗಸ್ಟ್ 2, ಸೋಮವಾರ, ಭೀಮನ ಅಮಾವಾಸ್ಯೆ. ಅಂದು ಸಂಜೆಯ ಹೊತ್ತಿಗೆ ನಮ್ಮ ಕಡೆ ಪಾರ್ಶ್ವ ಸೂರ್ಯಗ್ರಹಣವೂ ಇದೆ. ಪೂಜೆ ಎಷ್ಟೊತ್ತಿಗೆ, ಅಡುಗೆ ಯಾವಾಗ ಅಂತ ಮನೆಮನೆಯಲ್ಲೂ ಚರ್ಚೆ ಆಗುತ್ತದೆ. ಅದನ್ನು ನಿಮ್ಮ ನಿಮ್ಮ ಹಿರಿಯರಿಗೇ ಬಿಟ್ಟಿದ್ದೇನೆ. ನಾನು ಹೇಳಹೊರಟಿರುವುದು ಒಂದೇ ಮಾತು: ಆ ದಿನ ಕಾಪಾಡಬೇಕಾದದ್ದು ಕಣ್ಣನ್ನು, ಬಸುರಿಯ ಹೊಟ್ಟೆಯನ್ನಲ್ಲ.

1980ರ ಫೆಬ್ರವರಿ 16ರಂದು ನಾನು ಚೊಚ್ಚಲ ಬಸುರಿ. ಹರಿಹರದ ಗಂಡನ ಮನೆ, ಹಂಚಿನ ಮನೆ. ಅಂದು ಹುಬ್ಬಳ್ಳಿ, ರಾಯಚೂರು ಕಡೆ ಹಗಲಲ್ಲೇ ಕತ್ತಲಾಗುವ ಖಗ್ರಾಸ ಗ್ರಹಣ. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದುರ್ಬೀನು, ಕ್ಯಾಮೆರಾ ಹೂಡಿಕೊಂಡು ಕಾದಿದ್ದರಂತೆ. ನಮ್ಮಲ್ಲಿ ಪೂರ್ತಿ ಅಲ್ಲ, ಆದರೂ ಬಹುಪಾಲು ಹಿಡಿಯಿತು. "ಹೊರಗ್ ಬರಬ್ಯಾಡವ್ವ, ಕೂಸಿನ ತುಟಿ ಸೀಳ್ತೈತಿ" ಎಂದು ನಮ್ಮತ್ತೆ ನನ್ನನ್ನು ಕೋಣೆಯೊಳಗೆ ಕೂರಿಸಿ ಕಿಟಕಿ ಮುಚ್ಚಿದರು. ನೀರೂ ಇಲ್ಲ. ಸೆಕೆಗೆ ಜೀವ ಹೋದ ಹಾಗಾಗುತ್ತಿತ್ತು.

ಮೂರೂವರೆ ದಾಟಿರಬೇಕು. ಹಂಚಿನ ಸಂದಿಯಿಂದ ದಿನಾ ಗೋಡೆಗೆ ಬೀಳುತ್ತಿದ್ದ ರೂಪಾಯಿಯಂಥ ಬೆಳಕು ಅಂದು ದುಂಡಗಿರಲಿಲ್ಲ, ಕುಡುಗೋಲಿನ ಹಾಗಿತ್ತು! ನನ್ನನ್ನು ಸೂರ್ಯನಿಂದ ಬಚ್ಚಿಟ್ಟರೆ ಸೂರ್ಯನೇ ಕೋಣೆಗೆ ಬಂದಿದ್ದ. ಹೆದರಿಕೆಯಿಂದ ಯಾರಿಗೂ ಹೇಳಲಿಲ್ಲ. ಹೆರಿಗೆಯಾಗಿ ಮಗಳ ತುಟಿ ನೋಡುವ ತನಕ ಆ ಹೆದರಿಕೆ ಹೋಗಲಿಲ್ಲ. ಕೂಸು ಮುದ್ದಾಗಿತ್ತು. ಅಷ್ಟು ತಿಂಗಳು ಸುಮ್ಮನೆ ಕೊರಗಿದ್ದೆ ನೋಡಿ.

ಆಗಿದ್ದಿಷ್ಟೆ: ಸಣ್ಣ ತೂತಿನಿಂದ ಬರುವ ಬಿಸಿಲು ಎದುರಿನ ಗೋಡೆಯ ಮೇಲೆ ಸೂರ್ಯನ ಬಿಂಬವನ್ನೇ ಮೂಡಿಸುತ್ತದೆ, ತಲೆಕೆಳಗಾಗಿ. ಸೂರ್ಯ ಅರ್ಧವಾದರೆ ಬಿಂಬವೂ ಅರ್ಧ. ಗ್ರಹಣವೆಂದರೆ ಚಂದ್ರ ಅಡ್ಡ ಬಂದು ಬೀಳುವ ನೆರಳು. ಆ ನೆರಳಿನಿಂದ ಹೊಟ್ಟೆಯ ಕೂಸಿಗೆ ಯಾವ ಕೇಡೂ ಇಲ್ಲ. ಬಸುರಿ ಗಂಟೆಗಟ್ಟಲೆ ನೀರು ಕುಡಿಯದೆ ಕೂರುವುದೇ ಒಳ್ಳೆಯದಲ್ಲ.

2019ರ ಡಿಸೆಂಬರ್ 26ರ ಬೆಳಿಗ್ಗೆ ಮತ್ತೆ ಗ್ರಹಣ. ಕಾಸರಗೋಡು ಕಡೆ ಅದು ಬಳೆಯಂತೆ ಕಂಡ ಕಂಕಣ ಗ್ರಹಣ. ನಮಗೆ ಮುಕ್ಕಾಲಿಗೂ ಮೇಲೆ. ಆಗ ನಾವು ದಾವಣಗೆರೆಗೆ ಬಂದಾಗಿತ್ತು. ಕಿರಿಸೊಸೆ ಆರು ತಿಂಗಳ ಬಸುರಿ. ಬೀಗಿತ್ತಿ ಫೋನು ಮಾಡಿ "ಒಳಗೇ ಇರಿಸ್ರಿ" ಅಂದರು. ಹೂಂ ಅಂದೆ. ಆದರೆ ಸೊಸೆ ಮೆಲ್ಲಗೆ, "ನಾನೂ ನೋಡ್ಲೇನ್ರಿ ಅತ್ತೆ?" ಅಂದಳು. ನನಗೆ ಹರಿಹರದ ಕೋಣೆ ನೆನಪಾಯಿತು. ಬೂಂದಿ ಕರಿಯುವ ತೂತಿನ ಸೌಟು ಹಿಡಿದು ಇಬ್ಬರೂ ತಾರಸಿಗೆ ಹೋದೆವು. ಸೂರ್ಯನಿಗೆ ಬೆನ್ನು ಮಾಡಿ ನಿಂತು ಸೌಟು ಹಿಡಿದರೆ ಗೋಡೆ ತುಂಬ ಪುಟ್ಟ ಪುಟ್ಟ ಕುಡುಗೋಲುಗಳು! ಅವಳು ಮೊಬೈಲಿನಲ್ಲಿ ಅದರ ಫೋಟೋ ತೆಗೆದು ತವರಿಗೆ ಕಳಿಸಿದಳು. ಬೀಗಿತ್ತಿ ಎರಡು ದಿನ ಮಾತಾಡಲಿಲ್ಲ. ಮೊಮ್ಮಗ ಹುಟ್ಟಿದ ಮೇಲೆ ಆ ಫೋಟೋವನ್ನು ಎಲ್ಲರಿಗೂ ತೋರಿಸಿದವರು ಅವರೇ.

ನೀವೂ ಮಾಡಿ. ಬಿಸಿಲು ಬೀಳುವ ಬಿಳಿ ಗೋಡೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಸೌಟು ಹಿಡಿಯಿರಿ. ಅಂಗಿ ಗುಂಡಿಯಷ್ಟು ಬಿಂಬಗಳು ಬೀಳುತ್ತವೆ. ರಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿದರೂ ಸಾಕು. ಫೋಟೋ ತೆಗೆಯುವುದು ಗೋಡೆಯದ್ದು. ಮೊಬೈಲನ್ನಾಗಲಿ ದುರ್ಬೀನನ್ನಾಗಲಿ ಸೂರ್ಯನತ್ತ ತಿರುಗಿಸಬೇಡಿ.

ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ, ಸಗಣಿನೀರಿನ ಬಿಂಬ ಇವು ಯಾವುವನ್ನೂ ನಂಬಬೇಡಿ. ಕಣ್ಣಿನ ಹಿಂದಿನ ಪರದೆಗೆ ನೋವು ಗೊತ್ತಾಗುವುದಿಲ್ಲ. ಸುಡುವಾಗ ಮಗು ಅಳುವುದಿಲ್ಲ, ಎಷ್ಟೋ ಹೊತ್ತಿನ ಮೇಲೆ "ಅಮ್ಮಾ, ನಡುವೆ ಮಸುಕು" ಅನ್ನುತ್ತದೆ. ನೇರ ನೋಡುವುದಾದರೆ ಐಎಸ್‌ಒ 12312-2 ಎಂದು ಅಚ್ಚಾದ, ಗೀರು ಬೀಳದ ಗ್ರಹಣದ ಕನ್ನಡಕವೇ ಬೇಕು.

ಅಲ್ಲಿಯವರೆಗೆ ಕೈ ಪಳಗಿಸಿಕೊಳ್ಳಲು ಚಂದಿರ ಇದ್ದಾನಲ್ಲ! ಅವನನ್ನು ಬರಿಗಣ್ಣಲ್ಲಿ, ದುರ್ಬೀನಿನಲ್ಲಿ ಎಷ್ಟು ಬೇಕಾದರೂ ನೋಡಬಹುದು. ಫೋಟೋಕ್ಕೆ ಹುಣ್ಣಿಮೆಗಿಂತ ಅಷ್ಟಮಿ ಲೇಸು. ಬೆಳಕು ಓರೆಯಾಗಿ ಬಿದ್ದು ಅಂಚಿನ ಕುಳಿಗಳು ಎದ್ದು ಕಾಣುತ್ತವೆ. ಮೊಬೈಲನ್ನು ತಾರಸಿ ಗೋಡೆಗೆ ಆನಿಸಿ, ಪರದೆಯಲ್ಲಿ ಚಂದ್ರನನ್ನು ಮುಟ್ಟಿ ಬೆಳಕು ತಗ್ಗಿಸಿ, ಆಮೇಲೆ ಒತ್ತಿ.

ಈ ಭೀಮನ ಅಮಾವಾಸ್ಯೆಗೆ ನಿಮ್ಮ ಮನೆಯಲ್ಲಿ ಬಸುರಿ ಸೊಸೆಯಿದ್ದರೆ, ಸೌಟು ಅವಳ ಕೈಗೇ ಕೊಡಿ. ಏನಂತೀರಿ?