ಹೊಗೆಯಿಲ್ಲದ ಬಸ್ಸಿನ ವೆಚ್ಚ ಯಾರದು?

ನಗರದಲ್ಲಿ ಹೊಗೆಯುಗುಳದ ಬಸ್ಸುಗಳು ಓಡಬೇಕಾದರೆ ಪ್ರಯಾಣಿಕರು ಹೆಚ್ಚಿನ ದರವನ್ನು ತೆರಲು ಸಿದ್ಧರಿರಬೇಕೆಂಬ ಮಾತು ಅಧಿಕಾರವರ್ಗದಲ್ಲಿಯೂ ವಿದ್ಯಾವಂತರ ಕೂಟಗಳಲ್ಲಿಯೂ ಆಗಾಗ ಕೇಳಿಬರುತ್ತಿದೆ. ಮೇಲುನೋಟಕ್ಕೆ ನ್ಯಾಯವಾಗಿ ತೋರುವ ಈ ಮಾತನ್ನು ಒಪ್ಪುವುದಕ್ಕೆ ಮುನ್ನ ಕೊಂಚ ಪರೀಕ್ಷಿಸಿ ನೋಡುವುದು ಅವಶ್ಯಕವಾಗಿದೆ.

ದಕ್ಷಿಣ ಬೆಂಗಳೂರಿನ ಕತ್ರಿಗುಪ್ಪೆಯನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದ ಈ ಸ್ಥಳವು ಇಂದು ಬಡಾವಣೆಗಳ ನಡುವೆ ಸೇರಿಹೋಗಿದೆ; ಹೊರವರ್ತುಲ ರಸ್ತೆಯ ವಾಹನಪ್ರವಾಹವು ಇದರ ಮಗ್ಗುಲಿನಲ್ಲೇ ಹರಿಯುತ್ತದೆ. ಮೆಟ್ರೋ ರೈಲು ೨೦೧೭ರಲ್ಲಿ ಬನಶಂಕರಿಯನ್ನು ಮುಟ್ಟಿತು. ವರ್ತುಲ ರಸ್ತೆಯನ್ನನುಸರಿಸುವ ಮೂರನೆಯ ಹಂತದ ಮಾರ್ಗಕ್ಕೆ ೨೦೨೪ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತಿದೆಯಾದರೂ, ಅದು ಮುಗಿಯುವವರೆಗೂ ಸ್ವಂತ ವಾಹನವಿಲ್ಲದವರಿಗೆ ಇಲ್ಲಿ ಬಸ್ಸೇ ಗತಿ. ರಸ್ತೆಯ ಹೊಗೆಯನ್ನು ಹೆಚ್ಚಾಗಿ ಕುಡಿಯುವವರೂ ಬಸ್ಸಿಗಾಗಿ ಕಾದು ನಿಂತ ಇವರೇ.

ಒಳ್ಳೆಯ ಬಸ್ಸಿಗೆ ಬೆಂಗಳೂರಿನ ಜನರು ಹಣ ಕೊಡಲಾರರೆಂಬುದು ಸುಳ್ಳು. ೧೯೪೦ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ಸ್ಥಾಪನೆಯಾದಂದಿನಿಂದಲೂ ಅವರು ಕೊಡುತ್ತಲೇ ಬಂದಿದ್ದಾರೆ. ಯುದ್ಧಕಾಲದಲ್ಲಿ ಪೆಟ್ರೋಲು ಸಿಕ್ಕದೆ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಲಿನ ಅನಿಲದಿಂದ ಏದುತ್ತ ಓಡಿದಾಗಲೂ ಜನ ಹತ್ತಿದರು. ೨೦೦೬ರ ಸುಮಾರಿಗೆ ವೋಲ್ವೋ ಬಸ್ಸುಗಳು ಬಂದಾಗ ಅನುಕೂಲಸ್ಥರು ಹೆಚ್ಚಿನ ದರ ತೆತ್ತು ಅವುಗಳಲ್ಲಿ ಕುಳಿತರು. ಆದರೆ ಆ ಸಿದ್ಧತೆಗೂ ಒಂದು ಮೇರೆಯುಂಟು. ೨೦೧೮ರ ಜನವರಿಯಲ್ಲಿ ಆ ಬಸ್ಸುಗಳ ದರವನ್ನು ತಗ್ಗಿಸಬೇಕಾಯಿತು. ೨೦೨೫ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರವು ೬೦ ರೂಪಾಯಿಗಳಿಂದ ೯೦ಕ್ಕೆ ಏರಿದೊಡನೆ ಪ್ರಯಾಣಿಕರ ಸಂಖ್ಯೆ ಇಳಿದುದನ್ನು ಎಲ್ಲರೂ ಕಂಡರು. ರೈಲನ್ನು ಬಿಟ್ಟವರಲ್ಲಿ ಹಲವರು ದ್ವಿಚಕ್ರ ವಾಹನವನ್ನೇರಿ ಮತ್ತೆ ರಸ್ತೆಗೆ ಇಳಿದಿದ್ದರೆ ಆಶ್ಚರ್ಯವೇನು? ದರದಿಂದ ಗಾಳಿಯನ್ನು ಶುದ್ಧಿಮಾಡಹೊರಟರೆ ಅದು ಹೊಗೆಯನ್ನೇ ಹೆಚ್ಚಿಸಬಹುದು.

ಶುದ್ಧ ಗಾಳಿಯೆಂಬುದು ಬಸ್ಸಿನ ಮೆತ್ತೆಯಂತೆ ಕುಳಿತವನೊಬ್ಬನಿಗೆ ಮಾತ್ರ ದಕ್ಕುವ ಸೌಖ್ಯವಲ್ಲ. ವಿದ್ಯುತ್ ಬಸ್ಸು ಹಾದುಹೋದ ಬೀದಿಯಲ್ಲಿ ಅಂಗಡಿಯವನಿಗೂ, ಶಾಲೆಗೆ ಹೋಗುವ ಮಗುವಿಗೂ, ಪಕ್ಕದ ಕಾರಿನಲ್ಲಿರುವವನಿಗೂ ಅದು ಸಮನಾಗಿ ದೊರೆಯುತ್ತದೆ. ನಗರದಲ್ಲಿ ನೋಂದಣಿಯಾಗಿರುವ ವಾಹನಗಳು ಒಂದು ಕೋಟಿಯನ್ನು ಮೀರಿವೆ. ಸಾರಿಗೆ ಸಂಸ್ಥೆಯ ಬಸ್ಸುಗಳು ಸುಮಾರು ಏಳು ಸಾವಿರ. ಒಂದು ಬಸ್ಸಿನಲ್ಲಿ ಐವತ್ತು ಮಂದಿಯೊಡನೆ ನಿಂತು ಸಾಗುವವನು ಆಗಲೇ ನಗರಕ್ಕೆ ಉಪಕಾರ ಮಾಡಿದ್ದಾನೆ. ಅವನಿಗೇ ಮತ್ತೆ ಶುದ್ಧಿಯ ಸುಂಕವನ್ನು ಹೇರುವುದು ಉಪಕಾರಕ್ಕೆ ದಂಡ ವಿಧಿಸಿದಂತೆ.

ಲೆಕ್ಕದ ಮಾತಿಗೆ ಬರೋಣ. ಈಗ ಓಡುವ ವಿದ್ಯುತ್ ಬಸ್ಸುಗಳನ್ನು ಸಂಸ್ಥೆಯು ಬಹುಮಟ್ಟಿಗೆ ಕೊಂಡುಕೊಂಡಿಲ್ಲ. ಬಸ್ಸೂ ಚಾಲಕನೂ ಗುತ್ತಿಗೆದಾರರ ಕಡೆಯವು. ಓಡಿದ ಪ್ರತಿ ಕಿಲೋಮೀಟರಿಗೂ ಗೊತ್ತಾದ ಮೊಬಲಗನ್ನು ಸಂಸ್ಥೆ ಅವರಿಗೆ ತೆರುತ್ತದೆ. ೨೦೨೨ರಲ್ಲಿ ೯೨೧ ಬಸ್ಸುಗಳಿಗೆ ಆದ ಒಪ್ಪಂದ ಹನ್ನೆರಡು ವರ್ಷಗಳದು. ಈ ಸಾಮಾನ್ಯ ವಿದ್ಯುತ್ ಬಸ್ಸುಗಳಲ್ಲಿ ಡೀಸೆಲ್ ಬಸ್ಸಿನ ದರವನ್ನೇ ಇಟ್ಟಿರುವುದು ಮೆಚ್ಚತಕ್ಕ ಕ್ರಮ. ೨೦೨೫ರಲ್ಲಿ ಕೇಂದ್ರದ ಯೋಜನೆಯಿಂದ ಬೆಂಗಳೂರಿಗೆ ಇನ್ನೂ ೪,೫೦೦ ಬಸ್ಸುಗಳು ಗೊತ್ತಾಗಿವೆ. ಕಿಲೋಮೀಟರಿನ ಋಣವೂ ಅದಕ್ಕೆ ತಕ್ಕಂತೆ ಬೆಳೆಯುವುದು. ದರವನ್ನೇ ಏರಿಸಿ ಇದನ್ನು ತೀರಿಸೋಣವೆಂದರೆ, ೨೦೨೫ರ ಜನವರಿಯಲ್ಲಿ ಆಗಲೇ ಶೇಕಡ ೧೫ರಷ್ಟು ಏರಿಕೆಯಾಗಿದೆ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಂತೆ ಮಹಿಳೆಯರ ಪ್ರಯಾಣದ ಹಣವನ್ನು ಸರ್ಕಾರವೇ ಕೊಡತಕ್ಕದ್ದಾಗಿದೆ. ಆದಕಾರಣ ದರವನ್ನು ಏರಿಸಿದರೆ ಒಂದು ಪಾಲು ಬೊಕ್ಕಸದ ಮೇಲೆಯೇ ಬೀಳುವುದು. ಉಳಿದ ಪಾಲು ಕೂಲಿಯವನ, ಗುಮಾಸ್ತೆಯ ಜೇಬಿನ ಮೇಲೆ.

ಅನ್ಯರು ಏನು ಮಾಡಿದರು? ೧೯೯೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬಸ್ಸುಗಳೆಲ್ಲ ನೈಸರ್ಗಿಕ ಅನಿಲದಿಂದ ಓಡಬೇಕೆಂದು ವಿಧಿಸಿದಾಗ, ಹೆಚ್ಚು ಕೊಡುವಿರಾ ಎಂದು ಪ್ರಯಾಣಿಕರನ್ನು ಕೇಳಿ ಕಾಯಲಿಲ್ಲ. ಜನರ ಆರೋಗ್ಯವೇ ಪ್ರಮಾಣವಾಯಿತು. ಲಂಡನ್ ನಗರವು ೨೦೦೩ರಲ್ಲಿ ನಡುಪೇಟೆಗೆ ಬರುವ ಕಾರುಗಳ ಮೇಲೆ ದಿನವಹಿ ಶುಲ್ಕವನ್ನು ವಿಧಿಸಿ, ಅದರ ನಿವ್ವಳ ಆದಾಯವನ್ನು ಸಾರಿಗೆಗೇ ಮೀಸಲಿಟ್ಟಿತು.

ಕಾರಿನವರು ರಸ್ತೆ ತೆರಿಗೆಯನ್ನೂ ಇಂಧನದ ತೆರಿಗೆಯನ್ನೂ ಈಗಾಗಲೇ ತೆರುತ್ತಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ತೆರುತ್ತಿದ್ದಾರೆ, ನಿಜ, ಆದರೆ ದಿನವೆಲ್ಲ ಸಾರ್ವಜನಿಕ ಬೀದಿಯಲ್ಲಿ ವಾಹನವನ್ನು ನಿಲ್ಲಿಸಿ ಒಂದು ಕಾಸನ್ನೂ ಕೊಡದಿರುವ ಪದ್ಧತಿ ನಮ್ಮ ಬಡಾವಣೆಗಳಲ್ಲಿ ಸಾಮಾನ್ಯವಾಗಿದೆ. ನಿಲುಗಡೆಗೆ ತಕ್ಕ ಶುಲ್ಕವನ್ನಿಟ್ಟು, ಆ ಹಣವು ಬಸ್ಸಿಗಲ್ಲದೆ ಅನ್ಯತ್ರ ಹೋಗದಂತೆ ಕಾನೂನಿನಿಂದ ಕಟ್ಟುಮಾಡಬೇಕು. ಶಕ್ತಿ ಯೋಜನೆಯ ಹಣವನ್ನು ಸರ್ಕಾರದವರು ಬಾಕಿಯಿಡದೆ ಸಂಸ್ಥೆಗೆ ಸಲ್ಲಿಸಬೇಕು.

ಈ ಪತ್ರಿಕೆಯನ್ನು ಓದುವ ಮಹನೀಯರಲ್ಲಿ ಕಾರುಳ್ಳವರು ಅನೇಕರು. ಶುದ್ಧ ಗಾಳಿಗಾಗಿ ಹಣ ಕೊಡಲು ಸಿದ್ಧರೇ ಎಂಬ ಪ್ರಶ್ನೆಯನ್ನು ಕತ್ರಿಗುಪ್ಪೆಯ ನಿಲ್ದಾಣದಲ್ಲಿ ನಿಂತವನಿಗೆ ಹಾಕುವುದಕ್ಕೆ ಮೊದಲು, ಅವನ ಮುಂದೆ ವಾಹನವನ್ನು ನಡೆಸಿಕೊಂಡು ಹೋಗುವ ನಾವೇ ಅದಕ್ಕೆ ಉತ್ತರ ಹೇಳಬೇಕು.